ಓವನ್ ಬ್ಯಾಗಿನಲ್ಲಿ ಏಡಿ, ಸೀಗಡಿ: ಬಾಡಿಗೆ ಮನೆಯ ಸೀಫುಡ್ ಬಾಯ್ಲ್

ಇವತ್ತು ಅಪ್ರೈಸಲ್, ಎಐ, ಮನೆ ಸಾಲ ಯಾವುದರ ಬಗ್ಗೆನೂ ಮಾತಾಡಲ್ಲ. ಏಡಿ ಬಗ್ಗೆ ಮಾತಾಡ್ತೀನಿ. ಸಸ್ಯಾಹಾರಿಗಳು ದಯವಿಟ್ಟು ಎದ್ದು ಹೋಗಬೇಡಿ. ನನ್ನ ಹೆಂಡತಿ ಧಾರವಾಡದವಳು, ಮೊಟ್ಟೆಯನ್ನೂ ಮುಟ್ಟಲ್ಲ. ಅವಳಿಗೂ ಒಂದು ಬ್ಯಾಗ್ ಮಾಡಿದ್ದೆ, ಅದನ್ನೂ ಹೇಳ್ತೀನಿ.

ನನ್ನೂರು ಕುಮಟಾ ಹತ್ರ, ಅಘನಾಶಿನಿ ಸಮುದ್ರ ಸೇರುವ ಕಡೆ. ಇಳಿತದ ಹೊತ್ತಿಗೆ ನಮ್ಮ ಕಡೆ ಹೆಂಗಸರು ಹೊಳೆಗಿಳಿದು ಬಳಚು ಆರಿಸ್ತಾರೆ. ಅದೇ, ಚಿಪ್ಪಿನೊಳಗಿನ ಮಾಂಸ. ನಮ್ಮಮ್ಮನೂ ಆರಿಸಿದವಳೇ. ಈಗ ನಾವಿರೋದು ಪುಣೆಯ ವಾಕಡ್‌ನಲ್ಲಿ, ಬಾಡಿಗೆ ಫ್ಲ್ಯಾಟು. ಅಗ್ರಿಮೆಂಟ್ ದಿನ ಓನರ್ ಬಾಯಿಮಾತಲ್ಲಿ ಹೇಳಿದ್ರು: "ಬಾಕಿ ಏನ್ ಬೇಕಾದ್ರೂ ಮಾಡ್ಕೊಳ್ಳಿ, ಮೀನು ಮಾತ್ರ ಬೇಡ. ವಾಸನೆ ಬರುತ್ತೆ." ಕಾಗದದಲ್ಲಿ ಅದು ಇರಲಿಲ್ಲ. ಆದ್ರೆ ಆಫೀಸ್ ಹತ್ರ, ಮಗಳ ಸ್ಕೂಲ್ ಎದುರಿಗೇ. ನಾನು ಸರಿ ಅಂದೆ. ಇದನ್ನ ಕೇಳ್ತಿರೋ ನಿಮ್ಮಲ್ಲೂ ಎಷ್ಟೋ ಜನ ಹೀಗೇ ಸರಿ ಅಂದಿರ್ತೀರಿ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಮ್ಮ ಮೂರು ತಿಂಗಳಿಗೆ ಅಂತ ಬಂದ್ಲು. ಎರಡು ವಾರ ಆದ್ಮೇಲೆ ಕೇಳಿದ್ಲು, "ತಮಾ, ಈ ಊರಲ್ಲಿ ಮೀನು ಸಿಗೂದಿಲ್ವ?" ಸಿಗ್ತದೆ, ಆದ್ರೆ ಮನೇಲಿ ಮಾಡೋ ಹಾಗಿಲ್ಲ ಅಂದೆ. ಅವಳು "ಹೌದಾ" ಅಂದ್ಲು ಅಷ್ಟೇ. ಮತ್ತೆ ಆ ಮಾತೇ ಎತ್ತಲಿಲ್ಲ. ಜಗಳ ಆಡಿದ್ರೆ ನನಗೆ ಸುಲಭ ಆಗ್ತಿತ್ತು. ಮಾಲ್ವಣಿ ಹೋಟೆಲಿಗೆ ಕರ್ಕೊಂಡು ಹೋದೆ, ಅರ್ಧ ತಿಂದು ಬಿಟ್ಲು. ತಾನು ತೊಳೆಯದ, ತಾನು ಕೊಯ್ಯದ ಮೀನು ಅವಳಿಗೆ ರುಚಿಸಲ್ಲ.

ಆಗ ಮಗಳು ಯಾವುದೋ ವಿಡಿಯೋ ತೋರಿಸಿದ್ಲು. ನೀವೂ ನೋಡಿರ್ತೀರಿ, ಮೇಜಿನ ತುಂಬ ಏಡಿಕಾಲು, ಜೋಳ, ಕೆಂಪು ಬೆಣ್ಣೆ ಸುರಿಯೋ ಸೀಗಡಿ, ಕೈಗೆ ಗ್ಲೌಸ್ ಹಾಕ್ಕೊಂಡು ತಿನ್ನೋದು. ಸೀಫುಡ್ ಬಾಯ್ಲ್. 2018ರಲ್ಲಿ ನಾನು ಆರು ತಿಂಗಳು ಹ್ಯೂಸ್ಟನ್‌ನಲ್ಲಿ ಆನ್‌ಸೈಟ್ ಇದ್ದೆ, ಆಗ ಇದನ್ನ ತಿಂದಿದ್ದೆ. ಮೂಲದಲ್ಲಿ ಇದು ಲೂಸಿಯಾನಾದ ಕೇಜನ್ ಜನರದ್ದು. ಅವರ ಹಿರಿಯರನ್ನ ಬ್ರಿಟಿಷರು 1755ರಿಂದ ಈಗಿನ ಕೆನಡಾದ ಕಡೆಯಿಂದ ಓಡಿಸಿದ್ರು. ಅವರಲ್ಲಿ ಎಷ್ಟೋ ಜನ ಕೊನೆಗೆ ಲೂಸಿಯಾನಾದಲ್ಲಿ ನೆಲೆಯಾದ್ರು. ವಸಂತ ಕಾಲದಲ್ಲಿ ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು, ಕ್ರಾಫಿಶ್ ಅನ್ನೋ ಸಿಹಿನೀರಿನ ಸಣ್ಣ ಸಿಗಡಿಯಂಥದ್ದನ್ನ ಆಲೂಗಡ್ಡೆ, ಜೋಳದ ಜೊತೆ ಬೇಯಿಸಿ, ಮೇಜಿನ ಮೇಲೆ ಪೇಪರ್ ಹಾಸಿ ಸುರಿದುಬಿಡ್ತಾರೆ. ತಟ್ಟೆ ಇಲ್ಲ, ಚಮಚ ಇಲ್ಲ. 1975ರ ನಂತರ ಯುದ್ಧದಿಂದ ತಪ್ಪಿಸಿಕೊಂಡು ಬಂದ ವಿಯೆಟ್ನಾಂ ಜನ ಆ ಕರಾವಳಿಯಲ್ಲಿ ನೆಲೆಸಿದ್ರಲ್ಲ, ಅವರ ಕೈಗೆ ಬಂದ ಮೇಲೆ ಬೆಂದಿದ್ದನ್ನ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಹೊರಳಿಸೋದು ಶುರುವಾಯ್ತು. ನಾನು ಹ್ಯೂಸ್ಟನ್‌ನಲ್ಲಿ ತಿಂದಿದ್ದು ಅದನ್ನೇ. ಅಮೆರಿಕದ ಇನ್ನೊಂದು ಕಡೆ ಏಡಿಗೆ ಹಾಕೋ ಓಲ್ಡ್ ಬೇ ಮಸಾಲೆ ಇದೆಯಲ್ಲ, ಅದನ್ನ ಮಾಡಿದ್ದೂ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಾಲ್ಟಿಮೋರ್ ಸೇರಿದ ಗುಸ್ತಾವ್ ಬ್ರನ್ ಅನ್ನೋ ಯಹೂದಿ ವ್ಯಾಪಾರಿ. ಊರು ಬಿಟ್ಟವರೇ ಮಾಡಿದ ಅಡುಗೆ ಇದು. ಸರಿ, ವಿಷಯಕ್ಕೆ ಬರ್ತೀನಿ.

ಮೊದಲನೇ ಸಲ ನಾನು ಕೆಡಿಸಿದೆ. ಹೋಟೆಲಲ್ಲಿ ಇದನ್ನ ತೆಳು ಪ್ಲಾಸ್ಟಿಕ್ ಚೀಲದಲ್ಲಿ ತಂದಿಡ್ತಾರೆ. ಚೀಲದಲ್ಲೇ ಬೇಯಿಸ್ತಾರೆ ಅಂದ್ಕೊಂಡಿದ್ದೆ. ಅಲ್ಲ. ಬೇಯೋದು ಪಾತ್ರೆಯಲ್ಲಿ, ಚೀಲ ಬರೀ ಬೆಣ್ಣೆಯಲ್ಲಿ ಕುಲುಕೋಕೆ. ಇದು ಗೊತ್ತಿಲ್ಲದೆ ಫ್ರಿಜ್ಜಿಗೆ ಬಳಸೋ ಜಿಪ್ ಕವರಲ್ಲಿ ಅರ್ಧ ಕಿಲೋ ಸೀಗಡಿ ಹಾಕಿ ಓಟಿಜಿಯಲ್ಲಿಟ್ಟೆ. ಪಾಲಿಥಿನ್ 110ರಿಂದ 130 ಡಿಗ್ರಿಯೊಳಗೇ ಕರಗುತ್ತೆ, ನಾನಿಟ್ಟಿದ್ದು 190. ಕವರ್ ಟ್ರೇಗೆ ಅಂಟಿ, ಸೀಗಡಿ ಪೂರ್ತಿ ಕಸಕ್ಕೆ ಹೋಯ್ತು. ಮೀನಿನ ವಾಸನೆಗೆ ಹೆದರಿದವನು ಮನೆ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ ಮಾಡಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಕಿಟಕಿ ತೆಗೆದ್ಲು.

ಓವನ್ ಬ್ಯಾಗ್ ಅಂತಲೇ ಬೇರೆ ಬರುತ್ತೆ. ಸಾಮಾನ್ಯವಾಗಿ ನೈಲಾನಿಂದು, ಸುಮಾರು 200 ಡಿಗ್ರಿವರೆಗೆ ತಡೆಯುತ್ತೆ. ಆನ್‌ಲೈನಲ್ಲಿ ಸಿಗುತ್ತೆ. ಡಬ್ಬಿ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತೆ, ಅದನ್ನ ಓದದೆ ಒಳಗಿಡಬೇಡಿ. ಒಂದು ಬ್ಯಾಗ್ ಒಂದೇ ಸಲಕ್ಕೆ. ಹೆಸರು ಬಾಯ್ಲ್ ಅಂತಿದ್ರೂ ಇದರಲ್ಲಿ ಕುದಿಯೋದು ಏನೂ ಇಲ್ಲ. ತನ್ನದೇ ನೀರಿನ ಹಬೆಯಲ್ಲಿ, ಬೆಣ್ಣೆಯಲ್ಲಿ ಬೇಯುತ್ತೆ.

ವಿಡಿಯೋಗಳಲ್ಲಿ ಹೇಳದ ಒಂದು ವಿಷಯ ಇದೆ, ಇದನ್ನ ಮಾತ್ರ ಮರೀಬೇಡಿ. ಅಮೆರಿಕದವರು ಹಾಕೋ ಆ ಉದ್ದ ಏಡಿಕಾಲು ಮೊದಲೇ ಬೇಯಿಸಿ ಫ್ರೀಜ್ ಮಾಡಿದ್ದು. ಅವರಿಗೆ ಬಿಸಿಯಾದ್ರೆ ಸಾಕು. ನಮಗೆ ಸಿಗೋದು ಹಸಿ ಏಡಿ. ಅವರ ಟೈಮ್ ನೋಡಿ ಮಾಡಿದ್ರೆ ಏಡಿ ಹಸಿ ಉಳಿಯುತ್ತೆ, ಅದು ಬೇಯೋವರೆಗೆ ಬಿಟ್ರೆ ಸೀಗಡಿ ರಬ್ಬರ್ ಆಗುತ್ತೆ.

ನಾಲ್ಕು ಜನಕ್ಕೆ ನಾನು ಮಾಡೋ ಲೆಕ್ಕ ಹೇಳ್ತೀನಿ. ಎರಡು ಏಡಿ, ಅರ್ಧ ಕಿಲೋ ದೊಡ್ಡ ಸೀಗಡಿ, ಎರಡು ಸ್ವೀಟ್ ಕಾರ್ನ್ ತೆನೆ, ಕಾಲು ಕಿಲೋ ಸಣ್ಣ ಆಲೂಗಡ್ಡೆ. ಗಣೇಶ ಪೇಠೆ ಮಾರ್ಕೆಟ್ಟಿಗೆ ಅಮ್ಮನ್ನೇ ಕರ್ಕೊಂಡು ಹೋದೆ. ಅವಳಿಗೆ ಮರಾಠಿ ಬರಲ್ಲ, ಮಾರೋ ಹೆಂಗಸಿಗೆ ಕನ್ನಡ ಬರಲ್ಲ. ಏಡಿಯ ಹೊಟ್ಟೆ ಒತ್ತಿ ಒತ್ತಿ ನೋಡಿ ಐದು ಏಡಿ ಬೇಡ ಅಂದ್ಲು, ಆರನೇದು ತಗೊಂಡ್ಲು. ನಮ್ಮ ಬಳಚಿನಂಥದ್ದೇ ಚಿಪ್ಪಿ ಕೂಡ ಸಿಕ್ತು, ಅಲ್ಲಿ ತಿಸರ‍್ಯಾ ಅಂತಾರೆ. ಅದನ್ನ ಕೈಯಲ್ಲಿ ಹಿಡಿದು ಅವಳು ನಕ್ಕಿದ್ದು ಪುಣೆಗೆ ಬಂದ್ಮೇಲೆ ನಾನು ನೋಡಿದ ಮೊದಲ ನಗು. ಚಿಪ್ಪಿಯನ್ನ ಉಪ್ಪುನೀರಲ್ಲಿ ಒಂದೆರಡು ಗಂಟೆ ಬಿಡಬೇಕು, ಮರಳು ಬಿಡುತ್ತೆ.

ಏಡಿ ಕ್ಲೀನ್ ಮಾಡಿ, ಎರಡು ಭಾಗ ಮಾಡಿ, ಕೊಂಬಿಗೆ ಕುಟ್ಟಾಣಿಯಿಂದ ಒಂದೊಂದು ಪೆಟ್ಟು ಕೊಡಿ, ಮಸಾಲೆ ಒಳಗೆ ಹೋಗ್ಲಿ. ಚೆನ್ನಾಗಿ ಉಪ್ಪು ಹಾಕಿದ ನೀರಲ್ಲಿ ಮೊದಲು ಆಲೂಗಡ್ಡೆ, ಜೋಳ ಬೇಯಿಸಿ ತೆಗೀರಿ. ಅದೇ ನೀರಲ್ಲಿ ಏಡಿ ಎಂಟು ಹತ್ತು ನಿಮಿಷ. ಸೀಗಡಿ ಸಿಪ್ಪೆ ತೆಗೀಬೇಡಿ. ಬೆನ್ನಿಗೆ ಕತ್ತರಿ ಹಾಕಿ ಕಪ್ಪು ನರ ಮಾತ್ರ ತೆಗೀರಿ.

ಬೆಣ್ಣೆ 150 ಗ್ರಾಂ. ಸಣ್ಣ ಉರೀಲಿ ಕರಗಿಸಿ ಎರಡು ಗಡ್ಡೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಕೆಂಪಾಗೋಕೆ ಬಿಡಬೇಡಿ. ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಚೂರು ಸಾಸಿವೆ ಪುಡಿ, ಚೂರು ಬೆಲ್ಲ, ಒಂದು ಲಿಂಬೆ. ಓಲ್ಡ್ ಬೇ ತರಿಸೋದು ಬೇಕಿಲ್ಲ. ಅದರಲ್ಲಿ ಮುಖ್ಯವಾಗಿ ಬರೋ ಸೆಲೆರಿ ಬೀಜದ ಪರಿಮಳಕ್ಕೆ ಗ್ರಂದಿಗೆ ಅಂಗಡಿಯ ಅಜಮೋದ ಚಿಟಿಕೆ ಸಾಕು. ಬ್ಯಾಡಗಿ ಬಣ್ಣ ಮಾತ್ರ ಬೇರೆ ಯಾವುದಕ್ಕೂ ಬರಲ್ಲ, ಈ ವಿಷಯದಲ್ಲಿ ನಾನು ಹಠಮಾರಿ.

ಬ್ಯಾಗಿನೊಳಗೆ ಒಂದು ಚಮಚ ಮೈದಾ ಹಾಕಿ ಕುಲುಕಿ. ಬಿಟ್ಟರೆ ಬ್ಯಾಗ್ ಒಡೆಯಬಹುದು. ಆಮೇಲೆ ಎಲ್ಲಾ ತುಂಬಿ, ಬೆಣ್ಣೆ ಸುರಿದು, ಬಾಯಿ ಕಟ್ಟಿ, ಅಂಚಿರೋ ಟ್ರೇಯಲ್ಲಿಟ್ಟು, ಮೇಲ್ಗಡೆ ಚಾಕುವಿಂದ ಐದಾರು ಸಣ್ಣ ಸೀಳು ಕೊಡಿ. ಬ್ಯಾಗ್ ಊರುಬ್ಬುತ್ತೆ, ಓಟಿಜಿ ಸಣ್ಣದಿದ್ರೆ ಮೇಲಿನ ರಾಡಿಗೆ ತಾಗಿ ಕರಗುತ್ತೆ. ಹಾಗಾಗಿ ಕೆಳಗಿನ ಅಂತಸ್ತಲ್ಲಿಟ್ಟು, ಕೆಳಗಿನ ರಾಡ್ ಮಾತ್ರ ಹಾಕಿ. 190 ಡಿಗ್ರಿ, ಇಪ್ಪತ್ತು ಇಪ್ಪತ್ತೆರಡು ನಿಮಿಷ. ತೆಗೆದ ಮೇಲೆ ಐದು ನಿಮಿಷ ಬಿಟ್ಟು, ಮುಖ ದೂರ ಇಟ್ಕೊಂಡು ಕತ್ತರಿ ಹಾಕಿ, ಹಬೆ ಜೋರಾಗಿ ಬರುತ್ತೆ. ಬಾಯಿ ಬಿಡದ ಚಿಪ್ಪಿ ಬಿಸಾಡಿ. ಹೆಂಡತಿ ಬ್ಯಾಗಲ್ಲಿ ಅದೇ ಬೆಣ್ಣೆ, ಜೋಳ, ಆಲೂಗಡ್ಡೆ, ಅಣಬೆ, ಪನೀರ್. ಅದಕ್ಕೆ ಬೇರೆ ನೀರು, ಬೇರೆ ಟ್ರೇ. ಮೊದಲು ಅದನ್ನೇ ಮಾಡಿ ತೆಗೆದಿಟ್ಟೆ.

ವಾಸನೆ ಬರಲ್ವಾ ಅಂತ ಕೇಳಿದ್ರೆ, ಬರುತ್ತೆ. ಆದ್ರೆ ಹುರಿದ ಮೀನಿನ ಎಣ್ಣೆ ಹೊಗೆ ಪರದೆಗೆ ಹತ್ತಿಕೊಳ್ಳುತ್ತಲ್ಲ, ಆ ಥರ ಅಲ್ಲ. ಎಕ್ಸಾಸ್ಟ್ ಹಾಕಿದ್ರೆ ಒಂದು ಗಂಟೇಲಿ ಹೋಗುತ್ತೆ.

ಅವತ್ತು ಶನಿವಾರ ರಾತ್ರಿ. ನೆಲದ ಮೇಲೆ ಪೇಪರ್ ಹಾಸಿ ಕೂತ್ವಿ. ಮಗಳಿಗೆ ಗ್ಲೌಸ್ ಬೇಕಿತ್ತು, ಅಜ್ಜಿ "ಕೈಯಿಲ್ವನೇ ನಿಂಗೆ" ಅಂದ್ಲು. ಏಡಿ ಕೊಂಬು ಒಡೆಯೋದು ಹೇಗೆ ಅಂತ ಮೊಮ್ಮಗಳಿಗೆ ಹೇಳಿಕೊಟ್ಲು. ಅರ್ಧದಲ್ಲಿ ಎದ್ದು ಹೋಗಿ ಅನ್ನ ತಂದು ಕೆಳಗಿನ ಬೆಣ್ಣೆ ರಸಕ್ಕೆ ಕಲಸಿದ್ಲು. "ಸಾರಿಲ್ಲದ ಏಡಿ ಎಂತ ಏಡಿ" ಅಂತ ಬೈದುಕೊಂಡೇ ಎರಡು ಸಲ ಹಾಕ್ಕೊಂಡ್ಲು.

ಸಿಕ್ಕಿಬಿದ್ದಿದ್ದು ಅಡುಗೆಯಿಂದಲ್ಲ, ಕಸದಿಂದ. ಚಿಪ್ಪೆಲ್ಲ ಕವರಲ್ಲಿ ಕಟ್ಟಿ ಬಾಗಿಲ ಹೊರಗಿನ ಡಬ್ಬಿಗೆ ಹಾಕಿದ್ದೆ. ಭಾನುವಾರ ಕಸದವರು ಬರಲ್ಲ ಅನ್ನೋದು ಮರೆತಿದ್ದೆ. ಸಂಜೆ ಹೊತ್ತಿಗೆ ಇಡೀ ಪ್ಯಾಸೇಜ್ ನಾರ್ತಿತ್ತು, ಸೊಸೈಟಿ ಗ್ರೂಪಲ್ಲಿ ಫೋಟೋ ಬಂತು, ರಾತ್ರಿ ಓನರ್ ಫೋನ್. ನೀವು ಮಾಡೋದಾದ್ರೆ ಚಿಪ್ಪು ತೊಳೆದು, ಎರಡು ಕವರಲ್ಲಿ ಕಟ್ಟಿ, ಕಸದವರು ಬರೋವರೆಗೂ ಫ್ರೀಜರಲ್ಲಿಡಿ.

ಹೋಟೆಲಿಂದ ತರಿಸಿದ್ದು ಅಂತ ಹೇಳಿ ಮುಗಿಸಬಹುದಿತ್ತು. ನಾಲಿಗೆ ತುದೀಲೇ ಇತ್ತು. ಅಮ್ಮ ಎದುರಿಗೇ ಕೂತಿದ್ಲು. ಮನೇಲೇ ಮಾಡಿದ್ದು, ಅಮ್ಮ ಬಂದಿದ್ದಾರೆ, ನಿಮಗೆ ಕೊಟ್ಟ ಮಾತು ಮುರಿದಿದ್ದು ನನ್ನ ತಪ್ಪು, ಆದ್ರೆ ಇನ್ಮುಂದೆ ತಿಂಗಳಿಗೊಂದು ಸಲ ಮಾಡೋಕೆ ಬಿಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, "ಮೊದಲೇ ಕೇಳಬಹುದಿತ್ತಲ್ಲ. ಜೂನ್‌ನಲ್ಲಿ ರಿನ್ಯೂವಲ್ ಇದೆ, ಆಗ ಮಾತಾಡೋಣ" ಅಂದ್ರು. ಏನಾಗುತ್ತೋ ಗೊತ್ತಿಲ್ಲ. ಅಕ್ಕಪಕ್ಕ ಬೇರೆ ಮನೆ ನೋಡ್ತಾ ಇದ್ದೀನಿ. ಈ ಸಲ ಬ್ರೋಕರ್‌ಗೆ ಮೊದಲನೇ ಮಾತೇ ಮೀನು.

ಅಮ್ಮ ಊರಿಗೆ ಹೋದ್ಲು. ಮೊನ್ನೆ ಫೋನಲ್ಲಿ, "ಆ ಚೀಲ ಒಂದೆರಡು ಕಳಿಸು" ಅಂದ್ಲು. ನಿನ್ನ ಹತ್ರ ಓವನ್ ಇಲ್ವಲ್ಲಮ್ಮ ಅಂದೆ. "ಇಡ್ಲಿ ಅಟ್ಟ ಇದ್ಯಲ" ಅಂದ್ಲು.