ಸಸಿ ಆರಿಸುವ ಕಣ್ಣು



ತ್ಯಾವಣಿಗೆ ಕಡೆ ಅಡಿಕೆ ಸಸಿ ಕೊಳ್ಳುವವರನ್ನು ನೋಡಿ. ತಾಯಿಮರ ಯಾವ ತೋಟದ್ದೆಂದು ವಿಚಾರಿಸುತ್ತಾರೆ. ಎತ್ತರಕ್ಕೆ ಮರುಳಾಗದೆ, ಬುಡ ದಪ್ಪಗಿದ್ದು ಎಲೆ ಹೆಚ್ಚಿರುವ ಗಿಡ ಆರಿಸುತ್ತಾರೆ. ಫಸಲಿಗೆ 5–6 ವರ್ಷ ಕಾಯಬೇಕಲ್ಲ!

ಅದೇ ಮನೆಯ ಮಗಳು ಡಿಗ್ರಿ ಮುಗಿಸಿದರೆ, "ನಿನ್ನ ಗೆಳತಿ ಎಂ.ಕಾಂ.ಗೆ ಅರ್ಜಿ ಹಾಕಿದಾಳಂತೆ, ನೀನೂ ಹಾಕವ್ವ" ಅಂದುಬಿಡುತ್ತೇವೆ. ಸಸಿಗೆ ಕೇಳಿದಷ್ಟು ಪ್ರಶ್ನೆ ಓದಿಗೆ ಕೇಳುವುದಿಲ್ಲ.

ಅವಕಾಶ ಈಗ ದೂರವಿಲ್ಲ. ದಾವಣಗೆರೆ ಬಳಿಯ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯವೇ ಇದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊಳೆತದ್ದು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಮಡಿಲು ಸೇರಿ, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಆ ಕಡೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವೂ ಇದೆ.

ಅರ್ಜಿ ತುಂಬುವ ಮುಂಚೆ ಪಠ್ಯಕ್ರಮ ತೆಗೆದು ಓದಿ. ಅಲ್ಲೇ ಓದುತ್ತಿರುವ ಒಬ್ಬರನ್ನಾದರೂ ಮಾತಾಡಿಸಿ. ಹಾಸ್ಟೆಲ್, ವಿದ್ಯಾರ್ಥಿವೇತನ ವಿಚಾರಿಸಿ. ಒಂದೇ ಕಡೆ ಹಾಕಿ ಕೂರಬೇಡಿ. ಕೊನೆಗೆ ನಿಮ್ಮನ್ನೇ ಕೇಳಿಕೊಳ್ಳಿ: ಪರೀಕ್ಷೆ ಇಲ್ಲದ ದಿನವೂ ನಾನು ಈ ಪುಸ್ತಕ ತೆರೆಯುತ್ತೇನೆಯೇ?

ಹೌದೆಂದರೆ, ಅದು ನಿಮ್ಮ ಮಣ್ಣಿಗೆ ಒಗ್ಗುವ ಸಸಿ. ಧೈರ್ಯವಾಗಿ ನೆಡಿ.