ಮೈಯಳತೆಯ ಸೈಕಲ್ಲು



ಅಂಗಡಿಯಲ್ಲಿ ಸಿದ್ಧ ಉಡುಪು ಹೇರಳವಾಗಿ ಸಿಕ್ಕರೂ ಕೆಲವರು ದರ್ಜಿಗೆ ಅಳತೆ ಕೊಟ್ಟೇ ಬಟ್ಟೆ ಹೊಲಿಸುತ್ತಾರೆ. ಸೈಕಲ್ಲನ್ನೂ ಹೀಗೆ ಮಾಡಿಸಬಹುದು. ಇಂಗ್ಲೆಂಡ್, ಇಟಲಿ, ಜಪಾನ್, ಅಮೆರಿಕಗಳಲ್ಲಿ ಒಬ್ಬರೋ ಇಬ್ಬರೋ ದುಡಿಯುವ ಪುಟ್ಟ ವರ್ಕ್‌ಶಾಪುಗಳಿವೆ. ಸೈಕಲ್ಲಿನ ಫ್ರೇಮನ್ನು, ಎಂದರೆ ಚಕ್ರ, ಪೆಡಲು, ಸೀಟುಗಳನ್ನು ಹೊರುವ ಚೌಕಟ್ಟನ್ನು, ಅಲ್ಲಿ ಸವಾರನ ಮೈಯಳತೆಗೆ ತಕ್ಕಂತೆ ಕೈಯಿಂದಲೇ ಕಟ್ಟಿಕೊಡುತ್ತಾರೆ. ಖರ್ಚು ಹೆಚ್ಚು. ತಿಂಗಳುಗಟ್ಟಲೆ, ಹೆಸರಾದವರ ಬಳಿ ವರ್ಷಗಟ್ಟಲೆ, ಕಾಯಬೇಕು. ಹಾಗಾದರೆ ಇದು ಬರಿಯ ಷೋಕಿಯೇ?

ಗಿಡ್ಡಗಿರುವ ಸವಾರರನ್ನು ಕೇಳಿ ನೋಡಿ. ಅನೇಕ ಕಾರ್ಖಾನೆಗಳು ಚಕ್ರದ ಗಾತ್ರವನ್ನು ಬದಲಿಸದೆ ಫ್ರೇಮನ್ನು ಮಾತ್ರ ಕಿರಿದು ಮಾಡುತ್ತವೆ. ಒಂದು ಮಿತಿ ದಾಟಿದರೆ, ತಿರುಗುವಾಗ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಗಲುತ್ತದೆ. ಅದನ್ನು ತಪ್ಪಿಸಲು ಮೇಲಿನ ಕೊಳವೆಯನ್ನು ಉದ್ದ ಬಿಟ್ಟರೆ ಸವಾರ ಮುಂದಕ್ಕೆ ಚಾಚಿ ಕೂರಬೇಕು. ಕುತ್ತಿಗೆ, ಭುಜ ನೋಯುತ್ತವೆ. ಅಮೆರಿಕದ ಇಂಜಿನಿಯರ್ ಜಾರ್ಜೀನಾ ಟೆರಿ ಅವರು ಮನೆಯ ನೆಲಮಾಳಿಗೆಯಲ್ಲಿ ಫ್ರೇಮು ಕಟ್ಟಲಾರಂಭಿಸಿ, ಮುಂದೆ 24 ಇಂಚಿನ ಚಿಕ್ಕ ಚಕ್ರವಿಟ್ಟು ಈ ತೊಡಕನ್ನು ಬಿಡಿಸಿದರು. 1985ರಲ್ಲಿ ಮಹಿಳೆಯರ ಸೈಕಲ್ಲುಗಳಿಗಾಗಿಯೇ ಕಂಪನಿ ತೆರೆದರು.

ಫ್ರೇಮು ಮಾಡಿಸುವವರು ಮೊದಲು ತಮ್ಮ ನೋವನ್ನು ಹೇಳಬೇಕು. ಎಷ್ಟು ದೂರ ಹೋದ ಮೇಲೆ ಕೈ ಜುಮ್ಮೆನ್ನುತ್ತದೆ, ಮಂಡಿ ಯಾವಾಗ ನೋಯುತ್ತದೆ ಎಂಬುದು ಕುಶಲಕರ್ಮಿಗೆ ಬಹಳ ಉಪಯುಕ್ತ. ಕಾಲಿನ ಒಳ ಅಳತೆ, ಮುಂಡ, ತೋಳು, ಭುಜಗಳನ್ನು ಅವನೇ ಅಳೆಯುತ್ತಾನೆ. ಹಳೆಯ ಸೈಕಲ್ಲನ್ನು ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಟೈರಿನ ಅಗಲ, ಮಡ್‌ಗಾರ್ಡ್, ಕ್ಯಾರಿಯರ್ ಬೇಕೇ ಎಂಬುದನ್ನೂ ಆಗಲೇ ತಿಳಿಸಿ. ಅವುಗಳಿಗೆ ಬೇಕಾದ ಜಾಗವನ್ನೂ ತಿರುಪು ಹಾಕುವ ಕಣ್ಣುಗಳನ್ನೂ ಬಣ್ಣ ಹಚ್ಚುವ ಮೊದಲೇ ಮಾಡಬೇಕು.

ಅನಂತರ ನಕ್ಷೆ ಬರುತ್ತದೆ. ಅದನ್ನು ಅವಸರದಲ್ಲಿ ಒಪ್ಪಬೇಡಿ. ಪ್ರತಿಯೊಂದು ಅಳತೆಯನ್ನೂ ಏಕೆ ಹಾಗಿಟ್ಟಿದ್ದಾನೆಂದು ಕೇಳಿ. ಒಳ್ಳೆಯ ಉಕ್ಕಿನ ಕೊಳವೆ ತುದಿಗಳಲ್ಲಿ ದಪ್ಪ, ನಡುವೆ ತೆಳು. ಇಂಥ ಕೊಳವೆಗೆ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಅವರು 1897ರಲ್ಲಿ ಪೇಟೆಂಟ್ ಪಡೆದರು. ತುದಿಗಳನ್ನು ಅರದಿಂದ ಉಜ್ಜಿ ಕೂಡಿಸಿ, ಉಕ್ಕು ಕರಗದಂತೆ ಹಿತ್ತಾಳೆಯನ್ನೋ ಬೆಳ್ಳಿ ಬೆರೆತ ಲೋಹವನ್ನೋ ಕರಗಿಸಿ ಬೆಸೆಯುತ್ತಾರೆ. ಕಾವು ಮಿತಿಮೀರಿದರೆ ಕೊಳವೆ ದುರ್ಬಲವಾಗುತ್ತದೆ. ಕತ್ತರಿಸಿದ ಕೊಳವೆಯಂತೂ ಮತ್ತೆ ಬೆಳೆಯುವುದಿಲ್ಲ. ಕಾಗದದ ಮೇಲೆ ಒಂದು ಗೆರೆ ಅಳಿಸಿ ತಿದ್ದಬಹುದಾದ ತಪ್ಪು, ಆಮೇಲೆ ಹೊಸ ಫ್ರೇಮನ್ನೇ ಕೇಳುತ್ತದೆ.

ಮುಂಗಡ ಕೊಡುವಾಗಲೂ ಎಚ್ಚರವಿರಲಿ. ಒಬ್ಬನೇ ದುಡಿಯುವ ಕಡೆ ಅವನು ಕಾಯಿಲೆ ಬಿದ್ದರೆ ಕೆಲಸವೇ ನಿಲ್ಲುತ್ತದೆ. ಯಾವಾಗ ಕೊಡುತ್ತಾನೆ, ಅಳತೆ ತಪ್ಪಿದರೆ ಯಾರ ಹೊಣೆ, ಹಣ ಮರಳುವುದೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವನು ಹಿಂದೆ ಕಟ್ಟಿದ ಫ್ರೇಮುಗಳನ್ನು ಬಳಸುವವರೊಡನೆ ಮಾತನಾಡಿ.

ಕಾರ್ಖಾನೆಯ ಸೈಕಲ್ಲು ಮೈಗೆ ಹೊಂದಿದ್ದರೆ ಇಷ್ಟೆಲ್ಲ ಬೇಕಿಲ್ಲ. ಪ್ರಾಮಾಣಿಕನಾದ ಕುಶಲಕರ್ಮಿಯೇ ಆ ಮಾತನ್ನು ಹೇಳಿ ಕಳಿಸುತ್ತಾನೆ. ಅಂಥವನು ಸಿಕ್ಕರೆ, ಮುಂದೆ ಬೇಕಾದಾಗ ನಿಶ್ಚಿಂತೆಯಿಂದ ಅವನ ಬಳಿಗೇ ಹೋಗಿ.