ಒಣನೆಲದ ಹೊಸ ಹಣ್ಣು: ಲಾಭ ಯಾರಿಗೆ?

(ಹೊಸಮನೆಯ ಸಭೆಯಲ್ಲಿ ಮಾಡಿದ ಭಾಷಣ)

ಕೆಂಪು ಸಿಪ್ಪೆಯ ಡ್ರ್ಯಾಗನ್ ಹಣ್ಣನ್ನು ನೀವೆಲ್ಲ ಅಂಗಡಿಗಳಲ್ಲಿ ಕಂಡಿದ್ದೀರಿ. ಗುಜರಾತ್ ಸರಕಾರ 2021ರಲ್ಲಿ ಅದಕ್ಕೆ ‘ಕಮಲಂ’ ಎಂದು ಹೆಸರಿಟ್ಟಿತು. ಹೆಸರು ಏನೇ ಇರಲಿ, ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಒಂದು ಕಳ್ಳಿಯ ಹಣ್ಣು. ಈಗ ನಮ್ಮ ಬಯಲುಸೀಮೆಯ ಹೊಲಗಳಲ್ಲೂ ಅದರ ಕಂಬಗಳು ಎದ್ದಿವೆ.

ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕೆಲಸ ಹೋಗಿ, ಕೈಗೆ ಬಂದ ಇಡಿಗಂಟಿನೊಡನೆ ಊರಿನ ಒಣಹೊಲಕ್ಕೆ ಮರಳಿದವನು ‘ಇದನ್ನು ಹಾಕಲೇ?’ ಎಂದು ಕೇಳಿದರೆ ನಾವು ಏನು ಹೇಳಬೇಕು?

ಗಿಡದಲ್ಲಿ ದೋಷವಿಲ್ಲ. ಅದು ಕಾಂಡದಲ್ಲೇ ನೀರು ಹಿಡಿದಿಡುತ್ತದೆ. ಬಿಸಿಲಲ್ಲಿ ರಂಧ್ರ ಮುಚ್ಚಿ ರಾತ್ರಿ ತೆರೆಯುತ್ತದೆ. ಹನಿನೀರು ಸಾಕು, ನೀರು ನಿಂತರೆ ಬೇರು ಕೊಳೆಯುತ್ತದೆ. ರಾತ್ರಿ ಅರಳಿದ ಹೂ ಸುಮಾರು ಒಂದು ತಿಂಗಳಲ್ಲಿ ಹಣ್ಣಾಗುತ್ತದೆ. ಒಮ್ಮೆ ನೆಟ್ಟರೆ ಸುಮಾರು 20 ವರುಷ ಫಲ.

ಆದರೆ ಲೆಕ್ಕ ನೋಡೋಣ. ಎಕರೆಗೆ 400ರಿಂದ 500 ಸಿಮೆಂಟು ಕಂಬ, ಕಂಬದ ತಲೆಗೊಂದು ಚಕ್ರ, ಬುಡಕ್ಕೆ ನಾಲ್ಕು ಸಸಿ, ಹನಿ ನೀರಾವರಿಯ ಕೊಳವೆ. ಮೊದಲ ವರುಷವೇ ಹಲವು ಲಕ್ಷ ರೂಪಾಯಿ. ತುಂಬು ಫಸಲು ಮೂರನೆಯ ವರುಷದ ಮೇಲೆ. ಅಲ್ಲಿಯವರೆಗೆ ಒಲೆ ಉರಿಯುವುದು ಹೇಗೆ? ಬರವನ್ನು ಗಿಡ ತಾಳುತ್ತದೆ, ಸಾಲವನ್ನು ರೈತನೇ ತಾಳಬೇಕು.

ಕಾಯಬಲ್ಲವನು ಹಣವಂತ. 2020ರಲ್ಲಿ ಭೂಸುಧಾರಣಾ ಕಾಯಿದೆಯನ್ನು ತಿದ್ದಿ, ಬೇಸಾಯಗಾರನಲ್ಲದವನೂ ಹೊಲ ಕೊಳ್ಳಲು ದಾರಿ ಮಾಡಿದರು. 1951ರಲ್ಲಿ ಕಾಗೋಡಿನ ಗೇಣಿದಾರರು ಸೆರೆಮನೆಗೆ ಹೋದದ್ದು ಇದಕ್ಕಾಗಿಯೇ?

ಇನ್ನು ಬೆಲೆ. ಮಲೆನಾಡಿನವರು ವೆನಿಲ್ಲಾವನ್ನು ಮರೆತಿಲ್ಲ. ಮಡಗಾಸ್ಕರಿನ ಬೆಳೆ 2000ದ ಚಂಡಮಾರುತಕ್ಕೆ ಸಿಕ್ಕಿತು, ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಆಯಿತು, ಕಂಡವರೆಲ್ಲ ನೆಟ್ಟರು. 2004ರ ಬಳಿಕ ಬೆಲೆ ನೆಲಕಚ್ಚಿತು. ಈ ಹಣ್ಣಿಗೂ 2022ರಲ್ಲಿ ಕೇಂದ್ರ ಸರಕಾರ 5 ವರುಷದಲ್ಲಿ 50,000 ಹೆಕ್ಟೇರಿನ ಗುರಿ ಸಾರಿತು. 2023ರಲ್ಲಿ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಇದಕ್ಕೆಂದೇ ಒಂದು ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಬೆಳೆಸುವುದಕ್ಕೆ ಗುರಿ ಇದೆ, ಬೆಲೆಗೆ ಭದ್ರತೆ ಎಲ್ಲಿದೆ?

ಅಡಿಕೆ ಬೆಳೆಗಾರರು 1939ರಲ್ಲೇ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿದರು. ಒಣನೆಲದ ರೈತನಿಗೂ ಅಂಥದೇ ಬಲ ಬೇಕು.

ಆದ್ದರಿಂದ ನಾವು ಹೇಳುವುದಿಷ್ಟು. ಕಾರ್ಮಿಕ ಮಿತ್ರರೇ, ಇಡಿಗಂಟನ್ನೆಲ್ಲ ಕಂಬಕ್ಕೆ ಸುರಿಯಬೇಡಿ. ಹತ್ತು ಗುಂಟೆಯಿಂದ ಆರಂಭಿಸಿ, ಸಾಲುಗಳ ನಡುವೆ ಮನೆಗಾಗುವಷ್ಟು ಶೇಂಗಾ, ಅಲಸಂದೆ ಬೆಳೆದುಕೊಳ್ಳಿ. ವ್ಯಾಪಾರಿ ಮಿತ್ರರೇ, ದಲ್ಲಾಳಿಯ ಕೈಯಿಂದಲ್ಲ, ಬೆಳೆಗಾರರ ಸಂಘದಿಂದ ನೇರವಾಗಿ ಕೊಳ್ಳಿ; ನಿಮಗೂ ಅಗ್ಗ, ಅವರಿಗೂ ನ್ಯಾಯ. ಸರಕಾರದಿಂದ ಎಲ್ಲರೂ ಸೇರಿ ಕೇಳೋಣ: ಫಸಲು ಬರುವವರೆಗೆ ಕಂತು ಕೇಳದ ಸಾಲ, ಶೀತಲಗೃಹ, ತಳಬೆಲೆ.

ಸಂಘ ಮೊದಲು, ಕಂಬ ಆಮೇಲೆ. ಈ ಮಾತನ್ನು ನಿಮ್ಮ ನಿಮ್ಮ ಊರಿಗೆ ಒಯ್ಯಿರಿ.